ಕಾಂಪೌಂಡರ್ ಚೆನ್ನಾಗಿ ನಟಿಸಿದ್ದಾನೆ

ಥ್ರಿಲ್ಲರ್ ಸಿನಿಮಾದ ವಿಮರ್ಶೆಯಲ್ಲಿ ಕೊಲೆಗಾರ ಯಾರೆಂದು ಬರೆಯಬಾರದು. ನಾನೂ ಬರೆದಿರಲಿಲ್ಲ. ಬರೆದದ್ದು ಇಷ್ಟೇ: "ಕಾಂಪೌಂಡರ್ ಪಾತ್ರಧಾರಿಯ ಕಡೆಯ ಹತ್ತು ನಿಮಿಷದ ಅಭಿನಯಕ್ಕಾಗಿಯಾದರೂ ಚಿತ್ರ ನೋಡಬೇಕು."

ಶುಕ್ರವಾರ ಮೈಸೂರಿನಲ್ಲಿ ಮಾರ್ನಿಂಗ್ ಶೋ ಬಿಡುವಾಗ ಒಂದೂವರೆ. ಪುರವಣಿಯ ಪುಟ ಮೂರೂವರೆಗೆ ಹೋಗಬೇಕು. ನಡುವೆ ಇನ್ನೂರು ಪದ, ನಕ್ಷತ್ರ, ಫೋಟೊ ಅಡಿಬರಹ. ಎದೆಬಡಿತ ಇಳಿಯುವ ಮುನ್ನವೇ ತೀರ್ಪು ಕೇಳುವ ಮೇಲಿನವರು ಒಂದು ದಿನವೂ ಬೆಳಗಿನ ಆಟಕ್ಕೆ ಬಂದು ಕುಳಿತವರಲ್ಲ.

ಮೂರು ಇಪ್ಪತ್ತಕ್ಕೆ ಪ್ರೂಫ್ ನೋಡುವ ಹಿರಿಯರು ಹಾಳೆ ಹಿಡಿದು ಬಂದರು. ಸಿನಿಮಾ ನೋಡುವ ಪೈಕಿಯಲ್ಲ. ಕನ್ನಡಕ ಹಣೆಗೇರಿಸಿ, ಆ ಸಾಲಿನ ಕೆಳಗೆ ಪೆನ್ಸಿಲ್ ಇಟ್ಟು, "ಸರ್, ಹಾಗಾದರೆ ಕೊಂದವನು ಈ ಕಾಂಪೌಂಡರೇ?" ಎಂದರು. ನನಗೆ ಮೈ ಉರಿಯಿತು. "ನೀವು ಕಾಗುಣಿತ ನೋಡಿ, ಸಾಕು" ಎಂದೆ. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹೋದರು. ಪುಟ ಬಿಟ್ಟೆವು. ಆ ಸಾಲು ತೆಗೆಯಲು ಇನ್ನೂ ಹತ್ತು ನಿಮಿಷವಿತ್ತು.

ಭಾನುವಾರ ಮಂಡ್ಯದಿಂದ ಅಕ್ಕ ಬಂದಳು. ಸಸ್ಪೆನ್ಸ್ ಎಂದರೆ ಅವಳಿಗೆ ಪ್ರಾಣ. ನಾನು ಬರೆದದ್ದನ್ನು ಸಿನಿಮಾ ನೋಡಿದ ಮೇಲೆಯೇ ಓದುತ್ತಾಳೆ. ಅದೇ ಚಿತ್ರಕ್ಕೆ ಕರೆದುಕೊಂಡು ಹೋದೆ. ಇಪ್ಪತ್ತನೇ ನಿಮಿಷ. ಖಾಲಿ ವಾರ್ಡು, ಕಿರುಗುಟ್ಟುವ ಫ್ಯಾನು. ಕಾಂಪೌಂಡರ್ ಸಿರಿಂಜಿನ ಗಾಳಿ ಬಿಡುತ್ತಾನೆ, ಸೂಜಿಯ ತುದಿಯಲ್ಲಿ ಒಂದು ಹನಿ. ಹಿನ್ನೆಲೆ ಸಂಗೀತವೂ ನಿಂತಿದೆ. ಆಗ ಹಿಂದಿನ ಸಾಲಿನಿಂದ ಒಂದು ದನಿ: "ಇವನೇ ಕಣೇ. ಪೇಪರಿನಲ್ಲಿ ಬಂದಿದೆ."

ಅಕ್ಕ ತಿರುಗಿದಳು. "ಹೌದೇನೋ?"

"ಯಾರಿಗೆ ಗೊತ್ತು" ಎಂದೆ.

ಮಧ್ಯಂತರದಲ್ಲಿ ಪಾಪ್‌ಕಾರ್ನ್ ಕೊಡಿಸಿದೆ. ತಿಂದಳು, ಮಾತಾಡಲಿಲ್ಲ.

1960ರಲ್ಲಿ 'ಸೈಕೋ' ತೆರೆಗೆ ಬಂದಾಗ, ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ನಿರ್ದೇಶಕ ಹಿಚ್‌ಕಾಕ್ ಚಿತ್ರಮಂದಿರಗಳಿಗೆ ಕಟ್ಟುಪಾಡು ಹಾಕಿದ್ದರು. ವಿಮರ್ಶಕರಿಗೂ ಮುಂಗಡ ಪ್ರದರ್ಶನ ಇಟ್ಟಿರಲಿಲ್ಲ. ಅದು ಅಹಂಕಾರ ಎಂದು ನಾನೇ ಒಮ್ಮೆ ಬರೆದಿದ್ದೆ. ನನ್ನಂಥವರನ್ನು ಅವರು ಆಗಲೇ ಕಂಡಿದ್ದರೆಂದು ಕಾಣುತ್ತದೆ.

ಹೊಗಳಿದರೂ ಸುಳಿವು, ದೊಡ್ಡ ನಟನ ಹೆಸರನ್ನು ನುಂಗಿಕೊಂಡರೆ ಅದೂ ಸುಳಿವು. ಹೀಗಾಗಿ ಈಗ ವಿಮರ್ಶೆ ಬರೆದು ಮುಗಿದ ಕೂಡಲೇ ಆ ಹಿರಿಯರ ಮೇಜಿಗೆ ಒಯ್ದು, "ಕೊಂದವರು ಯಾರು, ಹೇಳಿ" ಎನ್ನುತ್ತೇನೆ. ಸರಿಯಾಗಿ ಹೇಳಿದರೆ ತಿದ್ದಿ ಬರೆಯುತ್ತೇನೆ. ಕಳೆದ ವಾರ ಎರಡು ಸಲ ಓದಿ, ಪೆನ್ಸಿಲ್ ಕಚ್ಚಿ, "ನಾಯಕಿಯ ಅತ್ತೆ" ಎಂದರು.

ತಪ್ಪು. ಪುಟ ಬಿಟ್ಟೆವು.