ಜನವರಿ ಒಂದರಿಂದ ಶುರು ಮಾಡ್ಲಾ ಮೇಡಂ?

ನವೆಂಬರ್ ಬಂತು ಅಂದರೆ ಸಾಕು, ಈ ಪ್ರಶ್ನೆ ಶುರು. "ಮೇಡಂ, ವರ್ಷ ಹೇಗೂ ಮುಗೀತಾ ಬಂತು. ಜನವರಿ ಒಂದರಿಂದ ಶಿಸ್ತಾಗಿ ಶುರು ಮಾಡ್ಲಾ?" ನಾನು ಫಿಸಿಯೋಥೆರಪಿಸ್ಟ್. ಮೈಸೂರಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಮಂಡಿ ನೋವಿನವರು, ಭುಜ ಹಿಡಿದುಕೊಂಡವರು, ಕೈ ಮುರಿದು ಪ್ಲಾಸ್ಟರ್ ಬಿಚ್ಚಿಸಿಕೊಂಡವರು, ಎಲ್ಲರದ್ದೂ ಇದೇ ಮಾತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಬೇಡ. ಇವತ್ತೇ ಶುರು ಮಾಡಿ. ಐದಾರು ವಾರ ಪ್ಲಾಸ್ಟರ್‌ನಲ್ಲಿದ್ದ ಕೀಲು ಆಗಲೇ ಬಿಗಿದಿರುತ್ತೆ. ಇನ್ನೊಂದು ತಿಂಗಳು ಸುಮ್ನೆ ಬಿಟ್ಟರೆ ಇನ್ನೂ ಜಾಸ್ತಿ ಬಿಗಿಯುತ್ತೆ. ಆಮೇಲೆ ಅದನ್ನು ಸಡಿಲ ಮಾಡುವಾಗ ನಿಮಗೆ ಕಣ್ಣಲ್ಲಿ ನೀರು, ನೋಡುವ ನನಗೆ ಸಂಕಟ.

ಇದನ್ನಾದರೂ ತಾಳಿಕೊಳ್ಳಬಹುದು. ಇದರ ಹಿಂದೆಯೇ ಬರುವ ಇನ್ನೊಂದು ಮಾತಿದೆ: "ಮನಸ್ಸು ಗಟ್ಟಿ ಇಲ್ಲ ಮೇಡಂ." ಅದನ್ನು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ಕಳೆದ ಡಿಸೆಂಬರ್‌ನಲ್ಲಿ ಅರವತ್ತು ದಾಟಿದ ಒಬ್ಬರು ಬಂದಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿ ನಾಲ್ಕು ದಿನ ಆಗಿತ್ತು. ಬೆರಳು ಊದಿಕೊಂಡಿತ್ತು, ಮುಷ್ಟಿ ಕಟ್ಟೋಕೆ ಬರುತ್ತಿರಲಿಲ್ಲ, ಕಾಫಿ ಲೋಟ ಎಡಗೈಗೆ ಬಂದಿತ್ತು. ದಿನಕ್ಕೆ ಮೂರು ಸಲ ಉಗುರು ಬೆಚ್ಚಗಿನ ನೀರಲ್ಲಿ ಕೈ ಇಟ್ಟು, ಹತ್ತು ಹತ್ತು ಸಲ ಮುಷ್ಟಿ ಕಟ್ಟಿ ಬಿಚ್ಚಿ ಅಂದೆ. "ಅಷ್ಟೆಲ್ಲ ದಿನಾ ಮಾಡೋಕೆ ನನಗೆ ಮನಸ್ಸು ಗಟ್ಟಿ ಇಲ್ಲಮ್ಮ. ಸಂಕ್ರಾಂತಿ ಕಳೀಲಿ" ಅಂದರು.

ಹಾಗೆ ಅಂದವರು ಅವತ್ತು ಬೆಳಗಿನ ಜಾವ 4.30ಕ್ಕೆ ಎದ್ದು, ಸ್ನಾನ ಮಾಡಿ, ದೇವಸ್ಥಾನಕ್ಕೆ ಹೋಗಿ ಬಂದಿದ್ದರು. ಧನುರ್ಮಾಸ ಅಲ್ವಾ! ಡಿಸೆಂಬರ್ 16ರ ಹೊತ್ತಿಗೆ ಶುರುವಾದರೆ ಸಂಕ್ರಾಂತಿವರೆಗೆ, ಆ ಚಳಿಯಲ್ಲಿ, ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ. "ದಿನಾ ಏಳುವಾಗ ಮನಸ್ಸು ಬಂದಿರುತ್ತಾ ಅಮ್ಮ?" ಅಂತ ಕೇಳಿದೆ. "ಮನಸ್ಸೇನು ಬರೋದು. ಪಕ್ಕದ ಮನೆಯಾಕೆ ಗೇಟ್ ಹತ್ರ ನಿಂತಿರ್ತಾರೆ, ಹೊರಡಬೇಕು. ಪೂಜೆ ಆದ್ಮೇಲೆ ಬಿಸಿಬಿಸಿ ಹುಗ್ಗಿ ಕೊಡ್ತಾರೆ" ಅಂದರು.

ನೋಡಿ, ಹೊತ್ತು ಗೊತ್ತಾಗಿದೆ, ಕರೆಯೋಕೆ ಒಬ್ಬರಿದ್ದಾರೆ, ಕೊನೆಗೆ ಹುಗ್ಗಿ ಇದೆ. ಇಷ್ಟಿದ್ದರೆ ಮನಸ್ಸನ್ನು ಕೇಳುವ ಪ್ರಮೇಯವೇ ಬರಲ್ಲ.

"ಮನೆಗೆ ಅವರೆಕಾಯಿ ತರ್ತಿದ್ದೀರಾ?" ಅಂದೆ. ಡಿಸೆಂಬರ್‌ನಲ್ಲಿ ಮೈಸೂರಿನವರನ್ನು ಕೇಳುವ ಪ್ರಶ್ನೆಯೇ ಅಲ್ಲ ಅದು. ಸರಿ, ಮುಷ್ಟಿಯ ವ್ಯಾಯಾಮದ ಜೊತೆಗೆ ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಒಂದು ಬಟ್ಟಲು ನೆನೆಸಿದ ಕಾಳು ಹಿತುಕಿ, ಬಲಗೈಯಲ್ಲೇ ಹಿತುಕಬೇಕು ಅಂದೆ. ಮೊದಲ ದಿನ ಹೆಬ್ಬೆರಳು ತೋರುಬೆರಳು ಸೇರಲೇ ಇಲ್ಲವಂತೆ, ಕಾಳು ಜಾರಿ ಜಾರಿ ನೆಲಕ್ಕೆ ಬಿತ್ತಂತೆ. ಒಂದು ವಾರ ಕಳೆಯುವ ಹೊತ್ತಿಗೆ ಬೇಳೆ ಪಚಕ್ ಅಂತ ಸಿಪ್ಪೆಯಿಂದ ಹೊರಗೆ ಹಾರುತ್ತಿತ್ತು.

ಇಪ್ಪತ್ತೊಂದೇ ದಿನದಲ್ಲಿ ಅಭ್ಯಾಸ ಆಗುತ್ತಂತಲ್ಲ ಅಂತಲೂ ಕೇಳುತ್ತಾರೆ. ಆ ಲೆಕ್ಕವನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕಡಿಮೆ ಅಂದರೂ ಅಷ್ಟು ದಿನ ಬೇಕು ಅಂತ ಅವರು ಹೇಳಿದ್ದು. ಆಮೇಲೆ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ತಿಂಡಿ ಆದ ಮೇಲೆ ಇಂಥದ್ದು ಮಾಡುತ್ತೇನೆ ಅನ್ನುವಂಥ ಸಣ್ಣ ಕೆಲಸಗಳು. ಅಭ್ಯಾಸ ಕೂರಲು ಸುಮಾರು 66 ದಿನ ಬೇಕು ಅಂತ ಲೆಕ್ಕ ಸಿಕ್ಕಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಅಂದಾಜು. ರಾಜ್ಯೋತ್ಸವದ ದಿನ ಶುರು ಮಾಡಿದ್ದರೆ 66ನೇ ದಿನ ಜನವರಿ 5ಕ್ಕೆ ಬರುತ್ತೆ. ನೀವು ಶುರು ಮಾಡಬೇಕು ಅಂದುಕೊಂಡ ವಾರದಲ್ಲೇ ಅದು ರೂಢಿಯಾಗಿರುತ್ತಿತ್ತು.

ಅದೇ ಅಧ್ಯಯನದಲ್ಲಿ ನನಗೆ ಇಷ್ಟವಾದ ಇನ್ನೊಂದು ಮಾತಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲ್ಲ.

ನಿಜ ಹೇಳಬೇಕು ಅಂದರೆ ನೀವು ಕೇಳಬೇಕಾದ ಪ್ರಶ್ನೆ ಇಲ್ಲಿದೆ. "ಮೇಡಂ, ನಾಲ್ಕು ದಿನ ತಪ್ಪಿಹೋಯ್ತು, ಈಗೇನು ಮಾಡ್ಲಿ?" ಇದನ್ನು ಕೇಳುವವರು ತೀರಾ ಕಡಿಮೆ. ತಪ್ಪಿದವರು "ದಿನಾ ಮಾಡ್ತಿದ್ದೀನಿ" ಅಂತ ಸುಳ್ಳು ಹೇಳುತ್ತಾರೆ. ಕೀಲು ಮುಟ್ಟಿದರೆ ನನಗೆ ಗೊತ್ತಾಗುತ್ತೆ. ಅದಕ್ಕಿಂತ ಜಾಸ್ತಿ ನೋವು ಕೊಡುವುದು ನಾಚಿಕೆಪಟ್ಟು ಬರುವುದನ್ನೇ ಬಿಟ್ಟವರು. ಸೋಮಾರಿತನದಿಂದ ಬಿಟ್ಟವರಿಗಿಂತ ಹೀಗೆ ನಾಚಿಕೆಯಿಂದ ಬಿಟ್ಟವರನ್ನೇ ನಾನು ಹೆಚ್ಚು ನೋಡಿದ್ದೇನೆ. ದಯವಿಟ್ಟು ಬನ್ನಿ. ನಾನು ಬೈಯಲ್ಲ.

ಡಿಸೆಂಬರ್ 31ಕ್ಕೆ ಆ ಅಮ್ಮ ಕ್ಯಾಲೆಂಡರ್ ಹಾಳೆ ಹರಿದು, ಮಡಚಿ ತಂದಿದ್ದರು. ಹಾಲಿನ ಲೆಕ್ಕದ ಪಕ್ಕದಲ್ಲೇ ಕೈಯ ಲೆಕ್ಕ. ಮೂರು ಮನೆಯಲ್ಲಿ ಸೊನ್ನೆ ಇತ್ತು. "ಮೊಮ್ಮಗನಿಗೆ ಜ್ವರ ಇತ್ತು, ಆಗಲಿಲ್ಲ" ಅಂದರು. ನಾನು ಬಾಯಿ ತೆಗೆಯುವ ಮೊದಲೇ, "ಹಾಲು ಬರದ ದಿನ ಸೊನ್ನೆ ಹಾಕ್ತೀವಲ್ಲ, ಹಾಗೆ ಹಾಕಿದೀನಿ. ಒಂದಿನ ಹಾಲು ಬರಲಿಲ್ಲ ಅಂತ ಮಾರನೇ ದಿನ ಪಾತ್ರೆ ಇಡೋದು ಬಿಡ್ತೀವಾ?" ಅಂದರು.

ಮುಷ್ಟಿ ಕಟ್ಟಿ ತೋರಿಸಿ ಅಂದೆ. ಪೂರ್ತಿ ಬರಲಿಲ್ಲ. ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಅವರೆಕಾಳಿನಷ್ಟು ಜಾಗ ಉಳಿದಿತ್ತು. ಅವರು ಅದನ್ನೇ ನೋಡುತ್ತಾ, ನಾನು ಹೇಳುವ ಮೊದಲೇ, ಒಂದು, ಎರಡು ಅಂತ ಎಣಿಸೋಕೆ ಶುರು ಮಾಡಿದರು.