ಅಪ್ಪಯ್ಯನ ಉಸಿರು ಎಣಿಸಿದ ರಾತ್ರಿ

ತೀರ್ಥಹಳ್ಳಿ, 18 ಜುಲೈ 2024, ಗುರುವಾರ

ಅಪ್ಪಯ್ಯನಿಗೆ ಕೆಮ್ಮು ಹತ್ತಿ ಇಂದಿಗೆ ಆರು ದಿನ. ಪುನರ್ವಸು ಮಳೆ ಹಿಡಿದಿರುವಾಗ ಯಾರ ಮನೆಯಲ್ಲಿ ಕೆಮ್ಮಿಲ್ಲ ಎಂದುಕೊಂಡು, ಶುಂಠಿ–ಕಾಳುಮೆಣಸಿನ ಕಷಾಯ ಕೊಡುತ್ತ, ರಾತ್ರಿ ದಿಂಬು ಎತ್ತರಿಸಿ ಮಲಗಿಸುತ್ತ ಮೊದಲ ನಾಲ್ಕು ದಿನ ಕಳೆದೆವು. ಅಷ್ಟರ ಮಟ್ಟಿಗೆ ನಾವು ಮಾಡಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ನೆಗಡಿ–ಕೆಮ್ಮುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬಂದು ತಾವಾಗಿಯೇ ಇಳಿಯುತ್ತವೆ, ಅವುಗಳ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.

ನಾವು ಎಡವಿದ್ದು ನಿನ್ನೆ, ಐದನೆಯ ದಿನ. ಬೆಳಿಗ್ಗೆ ಅಪ್ಪಯ್ಯ ಗಂಜಿಯನ್ನು ಅರ್ಧಕ್ಕೇ ಬಿಟ್ಟರು. ಮಧ್ಯಾಹ್ನ ಊಟವೇ ಬೇಡವೆಂದರು. ಸಂಜೆ, ಹೋದ ವರ್ಷವೇ ಮಾರಿದ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿಯಾಯಿತೇ ಎಂದು ಅಮ್ಮನನ್ನು ಎರಡು ಸಲ ಕೇಳಿದರು. ಥರ್ಮಾಮೀಟರಿನಲ್ಲಿ 98.8 ಡಿಗ್ರಿ ಮಾತ್ರ ಇತ್ತು. "ಜ್ವರವೇ ಇಲ್ಲ, ಸುಮ್ಮನೆ ಯಾಕೆ ಗಾಬರಿ ಮಾರಾಯ್ತಿ" ಎಂದು ಅವರೇ ಹೇಳಿದಾಗ ಮನೆಯವರೆಲ್ಲ ಒಪ್ಪಿಬಿಟ್ಟೆವು. ಎಪ್ಪತ್ತನಾಲ್ಕು ವರ್ಷದವರ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವುದು ಬಹಳ ಸುಲಭ.

ರಾತ್ರಿ ಹನ್ನೊಂದಕ್ಕೆ ಅವರು ನಿದ್ದೆಹೋದ ಮೇಲೆ ಹಾಸಿಗೆಯ ಪಕ್ಕ ಕುಳಿತು, ಕಂಬಳಿ ಏರಿಳಿಯುವುದನ್ನೇ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 28 ಬಂತು. ಎಣಿಕೆ ತಪ್ಪಿರಬಹುದೆಂದು ಮತ್ತೆ ಎಣಿಸಿದಾಗಲೂ 28. ದೊಡ್ಡವರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಎಚ್ಚರವಿದ್ದವರಿಗೆ ಹೇಳಿ ಎಣಿಸಿದರೆ ಅವರ ಉಸಿರಿನ ಗತಿಯೇ ಬದಲಾಗುತ್ತದೆ, ಆದ್ದರಿಂದ ಹೇಳದೆ ಎಣಿಸುವುದೇ ಸರಿ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಕೊಂಡಿದ್ದ, ರಕ್ತದ ಆಮ್ಲಜನಕದ ಶೇಕಡಾವಾರು ತೋರಿಸುವ ಆಕ್ಸಿಮೀಟರನ್ನು ಹುಡುಕಿ ತೆಗೆದು, ತಣ್ಣಗಿದ್ದ ಬೆರಳನ್ನು ನನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಾಕಿದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಆ ಯಂತ್ರದ ಅಂಕಿ ನಂಬುವಂತಿರುವುದಿಲ್ಲ. ಅಂಕಿ 91ರಲ್ಲಿ ನಿಂತಿತು. 94ಕ್ಕಿಂತ ಕೆಳಗಿಳಿದರೆ ಕಾಯಬಾರದೆಂದು ಆ ವರ್ಷ ಊರಿಗೆ ಊರೇ ಕಲಿತಿತ್ತು. ಬೆಳಗಾಗಲಿ ಎಂಬ ಮಾತು ಅಮ್ಮನ ಬಾಯಿಂದ ಬರುವ ಮೊದಲೇ ತಮ್ಮನನ್ನು ಎಬ್ಬಿಸಿ ಕಾರು ಹೊರಡಿಸಿದೆ.

ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಕಾಣಿಸಿತು. ಕೂಡಲೇ ಆಮ್ಲಜನಕ ಹಚ್ಚಿ, ರಕ್ತನಾಳದ ಮೂಲಕ ಔಷಧಿ ಆರಂಭಿಸಿದರು. ವೈದ್ಯರು ನಮ್ಮನ್ನು ಬೈಯಲಿಲ್ಲ. ವಯಸ್ಸಾದವರಲ್ಲಿ ನ್ಯುಮೋನಿಯಾ ಜ್ವರವಿಲ್ಲದೆಯೂ ಬರಬಹುದು, ಸಂಬಂಧವಿಲ್ಲದ ಮಾತಾಡುವುದು, ದಿನ–ಜಾಗ ಗೊತ್ತಾಗದಿರುವುದು, ಊಟ ಬಿಡುವುದು ಇವೇ ಮೊದಲ ಗುರುತಾಗಬಹುದು ಎಂದರು. ಹೊಸದಾಗಿ ಕಂಡ ಗೊಂದಲ, ನಿಮಿಷಕ್ಕೆ 30 ಅಥವಾ ಅದಕ್ಕೂ ಹೆಚ್ಚಿನ ಉಸಿರು, ಇಳಿದ ರಕ್ತದೊತ್ತಡ, 65 ದಾಟಿದ ವಯಸ್ಸು, ಈ ನಾಲ್ಕನ್ನು ನೋಡಿ ಅವರು ಕಾಯಿಲೆಯ ತೀವ್ರತೆ ಅಳೆಯುತ್ತಾರಂತೆ. ಅಪ್ಪಯ್ಯನಲ್ಲಿ ಎರಡು ನಿನ್ನೆ ಸಂಜೆಯೇ ಇದ್ದವು. ನಾವು ಮಾತ್ರ ಥರ್ಮಾಮೀಟರು ನೋಡುತ್ತಿದ್ದೆವು.

ತಂಗಿಯ ಒಂಬತ್ತು ತಿಂಗಳ ಮಗುವೂ ಮನೆಯಲ್ಲಿ ಕೆಮ್ಮುತ್ತಿದೆ. ಮಕ್ಕಳ ಲೆಕ್ಕ ಬೇರೆ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಾದರೆ ತೋರಿಸಲೇಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ತುಟಿ ನೀಲಿಗಟ್ಟಿದರೆ ಎಣಿಸುತ್ತ ಕೂರದೆ ಹೊರಟುಬಿಡಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಇಂದು ಮಧ್ಯಾಹ್ನ ತೊಟ್ಟಿಲಲ್ಲಿ ನಿದ್ದೆಯಲ್ಲಿದ್ದಾಗ ಎಣಿಸಿದರೆ 36. ಮಗು ಎಂದಿನಂತೆ ಹಾಲು ಕುಡಿಯುತ್ತಿದೆ, ನಗುತ್ತದೆ. ಅದನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದೇವೆ, ಆವಿ ಹಿಡಿಸುವುದನ್ನು ಮಾತ್ರ ಬೇಡವೆಂದಿದ್ದೇನೆ. ಬಿಸಿನೀರು ಚೆಲ್ಲಿ ಮಕ್ಕಳು ಸುಟ್ಟುಕೊಳ್ಳುವುದುಂಟು.

ತೋಟದ ಕೆಲಸಕ್ಕೆ ಬರುವವರೊಬ್ಬರು ಮೂರು ವಾರದಿಂದ ಕೆಮ್ಮುತ್ತಿರುವುದು ಇಂದು ನೆನಪಾಯಿತು. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೆ ದುಡ್ಡಿಲ್ಲ ಎಂದು ಹೇಳಿದ್ದಕ್ಕೆ, ನಾಳೆ ಹೋಗುತ್ತೇನೆಂದರು. ಜೊತೆಗೆ ನಾನೂ ಹೋಗುತ್ತೇನೆ.

ಸಂಜೆ ಆಸ್ಪತ್ರೆಯಿಂದ ತಮ್ಮ ಫೋನು ಮಾಡಿದ. ಆಮ್ಲಜನಕ ಇನ್ನೂ ಹಚ್ಚಿದ್ದಾರೆ, ಅಂಕಿ 96, ಉಸಿರು 22. ಅಪ್ಪಯ್ಯ ಗಂಜಿ ಪೂರ್ತಿ ಕುಡಿದರಂತೆ. ರಾತ್ರಿ ಎರಡು ಗಂಟೆಗೆ ಮತ್ತೊಮ್ಮೆ ಎಣಿಸಲು ಅವನಿಗೆ ಹೇಳಿದ್ದೇನೆ.