‘ಅವನು ಹೇಡಿ ಅಲ್ವಾ?’ ಎಂದು ಕೇಳುವವರಿಗೆ

ಸರ್ ವಾಟ್ಕಿನ್ ವಿಲಿಯಮ್ಸ್ ವಿನ್ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಇದೇ ಪ್ರಶ್ನೆ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಅವನು ಉತ್ತರ ವೇಲ್ಸ್‌ನ ದೊಡ್ಡ ಜಮೀನ್ದಾರ, ವಿನ್‌ಸ್ಟೇ ಎಸ್ಟೇಟಿನ ಒಡೆಯ. 1716ರಿಂದ 1749ರಲ್ಲಿ ಸಾಯುವವರೆಗೂ ಪಾರ್ಲಿಮೆಂಟಿನಲ್ಲಿದ್ದ, ಅಷ್ಟೂ ಕಾಲ ವಿರೋಧ ಪಕ್ಷದಲ್ಲೇ. ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ಮನೆತನ ಮರಳಿ ಬರಬೇಕು ಎನ್ನುವವರ ಮುಂದಾಳು. 1745ರಲ್ಲಿ ಆ ಮನೆತನದ ರಾಜಕುಮಾರ ಚಾರ್ಲ್ಸ್ ಸ್ಕಾಟ್ಲೆಂಡಿನಿಂದ ದಂಡು ಕಟ್ಟಿಕೊಂಡು ಇಂಗ್ಲೆಂಡಿನ ನಡುಭಾಗದ ಡಾರ್ಬಿವರೆಗೂ ಬಂದ. ವಾಟ್ಕಿನ್ ಎದ್ದು ಹೋಗಲಿಲ್ಲ.

ಒಮ್ಮೆ ನಾನು ಮಾತು ಮುಗಿಸುತ್ತಿದ್ದಂತೆ ಹಿರಿಯರೊಬ್ಬರು ಎದ್ದು ನಿಂತು, ‘ಸ್ಟುವರ್ಟ್ ರಾಜನ ಹೆಸರಲ್ಲಿ ಗ್ಲಾಸು ಎತ್ತಿದ, ಕತ್ತಿ ಎತ್ತಲಿಲ್ಲ. ಅಷ್ಟೇ ತಾನೆ?’ ಎಂದರು. ಎಲ್ಲರೂ ನಕ್ಕರು. ಮಾತು ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಅದು ಪ್ರಶ್ನೆಯಲ್ಲ, ತೀರ್ಪು. ಕೇಳುವ ಮೊದಲೇ ಉತ್ತರ ಗೊತ್ತಿದ್ದರೆ ನನ್ನನ್ನು ಯಾಕೆ ಕೇಳುತ್ತೀರಿ?

ಅವನ ಗುಂಪಿನವರು ಮೊದಲಿನಿಂದಲೂ ಹೇಳಿದ್ದು ಒಂದೇ: ನೆರವಿಗೆ ಫ್ರೆಂಚ್ ಸೈನ್ಯ ಬರಲಿ, ಆಮೇಲೆ ಏಳುತ್ತೇವೆ. ಸೈನ್ಯ ಬರಲಿಲ್ಲ. ಆದರೂ ಅವನೂ ಅದೇ ಗುಂಪಿನ ಬ್ಯಾರಿಮೋರ್ ಪ್ರಭುವೂ ಚಾರ್ಲ್ಸ್‌ಗೆ ಹೇಳಿ ಕಳಿಸಿದರು: ಲಂಡನ್ನಿನಲ್ಲಾದರೂ ಸರಿ, ನಮ್ಮ ನಮ್ಮ ಸೀಮೆಯಲ್ಲಾದರೂ ಸರಿ, ಏಳಲು ಸಿದ್ಧ. ಡಿಸೆಂಬರ್ 6ರಂದು ದಂಡು ಡಾರ್ಬಿಯಿಂದ ಹಿಂದೆ ತಿರುಗಿತು. ವಾಟ್ಕಿನ್ ಕಡೆಯ ಆ ಮಾತು ಹೊತ್ತವನು ಡಾರ್ಬಿ ತಲುಪಿದ್ದು ಅದಾದ ಎರಡು ದಿನಕ್ಕೆ. ತಡವಾಯಿತು, ನಿಜ. ತಡವಾದವರೆಲ್ಲ ಹೇಡಿಗಳೇ? ಚಾರ್ಲ್ಸ್ ಪರ ನಿಂತಿದ್ದಕ್ಕೆ 1747ರಲ್ಲಿ ವಿಚಾರಣೆ ನಡೆದು ಸ್ಕಾಟ್ಲೆಂಡಿನ ಲೋವಟ್ ಪ್ರಭುವಿನ ತಲೆ ಹೋಯಿತು. ಅದೇ ವಿಚಾರಣೆಯಲ್ಲಿ ವಾಟ್ಕಿನ್ ಹೆಸರೂ ಹೊರಬಿತ್ತು. ಆಮೇಲೂ ಅವನು ಪಕ್ಷ ಬದಲಿಸಲಿಲ್ಲ.

ಇಷ್ಟೆಲ್ಲ ಕೇಳುವವರು ಅವನ ಒಕ್ಕಲುಗಳ ಬಗ್ಗೆ ಯಾಕೆ ಕೇಳುವುದಿಲ್ಲ? 1741ರ ಚುನಾವಣೆಯಲ್ಲಿ ಅವನ ಸೀಮೆ ಡೆನ್‌ಬಿಷೈರ್‌ನಲ್ಲಿ ಚುನಾವಣೆ ನಡೆಸುತ್ತಿದ್ದ ಅಧಿಕಾರಿ, ಅಂದರೆ ಶೆರಿಫ್, ಅವನ ನೂರಾರು ಮತಗಳನ್ನು ತಳ್ಳಿಹಾಕಿ ಎದುರಾಳಿ ಗೆದ್ದ ಎಂದು ಸಾರಿದ; ವಾಟ್ಕಿನ್ ಆಗ ಪಾರ್ಲಿಮೆಂಟಿನಲ್ಲಿ ಉಳಿದದ್ದು ಇನ್ನೊಂದು ಕ್ಷೇತ್ರದಿಂದ. ಮರುವರ್ಷ ಪಾರ್ಲಿಮೆಂಟು ಆ ಶೆರಿಫ್‌ನನ್ನೇ ನ್ಯೂಗೇಟ್ ಜೈಲಿಗೆ ಕಳಿಸಿತು. ವಾಟ್ಕಿನ್‌ಗೆ ನ್ಯಾಯ ಸಿಕ್ಕಿತು, ಸಂತೋಷ. ಮತ ಹಾಕಿದವರಿಗೆ? ಆಗ ಗುಟ್ಟಿನ ಮತದಾನ ಇರಲಿಲ್ಲ, ಅದು ಬಂದಿದ್ದು 1872ರಲ್ಲಿ. ಜೀವಾವಧಿ ಗೇಣಿಯ ಒಕ್ಕಲುಗಳಿಗೂ ಮತ ಇತ್ತು. ಒಡೆಯನ ಕಡೆಯವರ ಎದುರೇ ಬಾಯಿಬಿಟ್ಟು ಹೆಸರು ಹೇಳಬೇಕು. ಇನ್ನೊಬ್ಬನ ಹೆಸರು ಹೇಳಿ ಊರಲ್ಲಿ ನೆಮ್ಮದಿಯಾಗಿ ಇರೋಕಾಗುತ್ತಾ?

ವಾಟ್ಕಿನ್ ಕತ್ತಿ ಎತ್ತಿದ್ದರೆ ಹಿಂದೆ ನಡೆಯಬೇಕಾಗಿದ್ದವರೂ ಅವರೇ. ಅವರಿಗೆ ಯಾವ ರಾಜ ಬೇಕಿತ್ತು ಎಂದು ಇವತ್ತಿನವರೆಗೂ ಒಬ್ಬರೂ ನನ್ನನ್ನು ಕೇಳಿಲ್ಲ.